ನೀರು ಅಡಗುವ ಜಾಗಗಳು

ಅಕ್ಟೋಬರ್ ಅರ್ಧ ಕಳೆಯಿತೆಂದರೆ ಮಿನೆಸೋಟಾದ ಹಾರ್ಡ್‌ವೇರ್ ಅಂಗಡಿಗಳ ಬಾಗಿಲಲ್ಲೇ ಗುಲಾಬಿ ಬಣ್ಣದ ದ್ರವ ತುಂಬಿದ ಕ್ಯಾನುಗಳನ್ನು ಆಳೆತ್ತರಕ್ಕೆ ಪೇರಿಸಿಡುತ್ತಾರೆ. ಅದು ಮನುಷ್ಯರು ಕುಡಿಯುವಂಥದ್ದಲ್ಲ, ಪೈಪುಗಳಿಗೆ ಕುಡಿಸುವಂಥದ್ದು. ಚಳಿಗಾಲಕ್ಕೆ ಬೀಗ ಹಾಕಿ ಹೋಗುವ ಮನೆಗಳ ಸಿಂಕು, ಕಮೋಡುಗಳ ಬಾಗಿದ ಕೊಳವೆಗಳಲ್ಲಿ ನಿಂತ ನೀರು ಹೆಪ್ಪುಗಟ್ಟಿ ಒಡೆಯದಿರಲಿ ಎಂದು ಈ ಪ್ರಾಪಿಲೀನ್ ಗ್ಲೈಕಾಲನ್ನು ಸುರಿಯುತ್ತಾರೆ. ಪಕ್ಕದ ಕಪಾಟಿನಲ್ಲಿ ದೋಣಿಯವರ ಸಾಮಾನು. ಪೆಟ್ರೋಲು ಕೆಡದಂತೆ ಬೆರೆಸುವ ಸ್ಟೆಬಿಲೈಸರ್, ಸಿಲಿಂಡರಿನೊಳಗೆ ಸಿಂಪಡಿಸುವ ಫಾಗಿಂಗ್ ಆಯಿಲ್, ಗೇರ್ ಆಯಿಲಿನ ಬಾಟಲಿ, ಅದರ ಬಾಯಿಗೆ ತಿರುಗಿಸಿ ಕೂರಿಸುವ ಕೈಪಂಪು. ಬಿಲ್ಲಿನ ಸಾಲಿನಲ್ಲಿ ನಿಂತವರೆಲ್ಲರ ಬುಟ್ಟಿಯಲ್ಲೂ ಹೆಚ್ಚುಕಡಿಮೆ ಇದೇ ಪಟ್ಟಿ. ನಮ್ಮ ಕಡೆ ಮೇ ಕೊನೆಯ ವಾರ ಟಾರ್ಪಾಲು, ಹಗ್ಗ, ಹಂಚು ಕೊಳ್ಳಲು ಮುಗಿಬೀಳುವವರ ಮುಖದಲ್ಲಿ ಕಾಣುವ ಅವಸರವೇ ಅಲ್ಲಿಯೂ ಕಂಡಿತು.

ನನ್ನ ತಂಗಿಯ ಮಗ ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿದ್ದಾನೆ. ಜೊತೆಗೆ ಕೆಲಸ ಮಾಡುವವರ ಕುಟುಂಬದೊಂದಿಗೆ ಸೇರಿ ಉತ್ತರದಲ್ಲಿ ಒಂದು ಸಣ್ಣ ಕೆರೆಯ ದಂಡೆಯ ಮರದ ಮನೆಯೊಂದನ್ನು ಪಾಲಿನಲ್ಲಿ ಕೊಂಡಿದ್ದಾನೆ. ಅಕ್ಟೋಬರಿನ ಮೂರನೇ ವಾರ ಆ ರಾಜ್ಯದಲ್ಲಿ ಶಿಕ್ಷಕರ ಸಮ್ಮೇಳನದ ನೆವದಲ್ಲಿ ಗುರುವಾರ, ಶುಕ್ರವಾರ ಶಾಲೆಗಳಿಗೆ ರಜೆ. ಕೆರೆಮನೆ ಇರುವವರೆಲ್ಲ ಆ ರಜೆಯನ್ನು ಕಾಯುವುದು ಮಜಾ ಮಾಡಲಿಕ್ಕಲ್ಲ, ಮನೆ ಮುಚ್ಚಲಿಕ್ಕೆ. “ಮಾವ, ನೋಡಲಿಕ್ಕೆ ಅಂಥದ್ದೇನೂ ಇಲ್ಲ, ಬರೀ ಕೆಲಸ. ಬರುವುದಾದರೆ ಹಳೇ ಬಟ್ಟೆ ಹಾಕಿಕೊಳ್ಳಿ” ಎಂದಿದ್ದ. ಪ್ರವಾಸ ಹೋದ ಊರಿನಲ್ಲಿ ನೋಡಬೇಕಾದದ್ದು ಅಲ್ಲಿನವರು ಮಾಡಲೇಬೇಕಾದ ಕೆಲಸವನ್ನು ಎಂಬುದು ನನ್ನ ಹಳೆಯ ಹಟ. ಜಲಪಾತ, ಮ್ಯೂಸಿಯಂಗಳನ್ನು ಆಮೇಲೂ ನೋಡಬಹುದು.

169ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಎರಡು ಗಂಟೆಯ ದಾರಿ. ಮೇಪಲ್ ಮರಗಳು ಆಗಲೇ ಬೋಳಾಗಿದ್ದವು. ಜವುಗಿನಲ್ಲಿ ಬೆಳೆಯುವ ಟ್ಯಾಮರ‍್ಯಾಕ್ ಮರಗಳು ಮಾತ್ರ ಉರಿಯುವ ಹಳದಿಯಲ್ಲಿದ್ದವು. ನೋಡಲಿಕ್ಕೆ ಪೈನಿನ ಜಾತಿಯೇ, ಆದರೆ ಸೂಜಿಯೆಲೆಗಳನ್ನು ಚಳಿಗಾಲಕ್ಕೆ ಉದುರಿಸಿಬಿಡುವ ಮರ. ಒನಾಮಿಯಾ ದಾಟಿದ ಮೇಲೆ ಬಲಕ್ಕೆ ಮಿಲ್ ಲ್ಯಾಕ್ಸ್ ಕೆರೆ ತೆರೆದುಕೊಂಡಿತು. ಕೆರೆ ಎಂದೆನೇ ಹೊರತು ಆಚೆ ದಡ ಕಾಣಲಿಲ್ಲ. 530 ಚದರ ಕಿಲೋಮೀಟರಿಗೂ ಮಿಕ್ಕಿದ ವಿಸ್ತಾರ, ಆದರೆ ಅತಿ ಆಳದ ಕಡೆಯೂ ನಲವತ್ತೆರಡೇ ಅಡಿ. ಅಷ್ಟಗಲದ ತೆಳು ನೀರಿಗೆ ಗಾಳಿ ಬಿದ್ದರೆ ಸಮುದ್ರದಂತೆಯೇ ಅಲೆ ಏಳುತ್ತದೆ. ಅದರ ಪಶ್ಚಿಮದ ದಂಡೆ ಒಜಿಬ್ವೆ ಜನರದು. ಇಲ್ಲಿ ಬೇಟೆಯಾಡುವ, ಮೀನು ಹಿಡಿಯುವ ತಮ್ಮ ಹಕ್ಕು 1837ರ ಒಪ್ಪಂದದಲ್ಲಿ ಉಳಿದಿದೆ ಎಂದು ಅವರು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1999ರಲ್ಲಿ ಗೆದ್ದರು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಅವರ ಪರ, ನಾಲ್ವರು ವಿರುದ್ಧ.

ಆ ರಾಜ್ಯದ ವಾಹನಗಳ ನಂಬರ್ ಪ್ಲೇಟಿನ ಮೇಲೆ ಹತ್ತು ಸಾವಿರ ಕೆರೆಗಳ ನಾಡು ಎಂದು ಬರೆದಿರುತ್ತದೆ. ಹತ್ತು ಎಕರೆಗಿಂತ ದೊಡ್ಡವನ್ನು ಎಣಿಸಿದರೇ 11,842. ನೋಂದಾಯಿತ ದೋಣಿಗಳು 8 ಲಕ್ಷಕ್ಕೂ ಹೆಚ್ಚು. ಡಿಸೆಂಬರ್ ಹೊತ್ತಿಗೆ ಈ ಕೆರೆಗಳೆಲ್ಲ ಕಲ್ಲಾಗುತ್ತವೆ, ಅವುಗಳ ಮೇಲೆ ಕಾರು ಓಡಿಸಿಕೊಂಡು ಹೋಗಿ ಮಂಜಿಗೆ ತೂತು ಕೊರೆದು ಮೀನು ಹಿಡಿಯುತ್ತಾರೆ. ಅದಕ್ಕೆ ಮೊದಲು ಮೋಟಾರು ಹೊತ್ತ ಅಷ್ಟೂ ದೋಣಿಗಳನ್ನು ದಡಕ್ಕೆಳೆದು, ಒಂದೊಂದರ ಹೊಟ್ಟೆಯಿಂದಲೂ ನೀರು ಬಸಿಯಬೇಕು.

ನಾವು ತಲುಪಿದಾಗ ಆ ಸಣ್ಣ ಕೆರೆಯ ಸುತ್ತಲಿನ, ದೋಣಿ ಕಟ್ಟುವ ಅಟ್ಟಣೆಗಳನ್ನು ಹೆಚ್ಚಿನವರು ಎಳೆದು ಹುಲ್ಲಿನ ಮೇಲೆ ಹಾಕಿಯಾಗಿತ್ತು. ನೀರಿನಲ್ಲೇ ಬಿಟ್ಟರೆ ಮಂಜು ಹಿಗ್ಗಿ ದಡಕ್ಕೆ ಒತ್ತುವಾಗ ಕಬ್ಬಿಣದ ಕಾಲುಗಳನ್ನೂ ಬಗ್ಗಿಸಿಬಿಡುತ್ತದಂತೆ. ಹಾಗೆ ಎಳೆದ ಅಟ್ಟಣೆಯನ್ನು ಬೇರೆ ಕೆರೆಗೆ ಸಾಗಿಸುವುದಾದರೆ 21 ದಿನ ಒಣಗಿಸಿರಬೇಕು ಎಂಬುದು ಅಲ್ಲಿನ ಕಾನೂನು. ಯುರೋಪಿನ ಕಡೆಯಿಂದ ಹಡಗುಗಳಲ್ಲಿ ಬಂದ ಜೀಬ್ರಾ ಮಸೆಲ್ ಎಂಬ ಉಗುರಿನಷ್ಟು ಚಿಪ್ಪಿನ ಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿಯ ತಳದಲ್ಲಿ ನಿಂತ ನೀರಿನಲ್ಲೂ ಸವಾರಿ ಮಾಡುತ್ತದೆ. ಅದಕ್ಕೇ ದೋಣಿಯನ್ನು ರಸ್ತೆಯಲ್ಲಿ ಎಳೆದೊಯ್ಯುವಾಗ ತಳದ ಬಿರಡೆ ಕಿತ್ತಿರಲೇಬೇಕು. ನೀರಿನ ನಾಡಿನಲ್ಲಿ ನೀರನ್ನು ಒಂದು ಹನಿ ಬಿಡದೆ ಚೆಲ್ಲುವುದೇ ಒಂದು ಶಿಸ್ತು.

ಅಳಿಯನದು ಹದಿನಾರು ಅಡಿಯ ಅಲ್ಯೂಮಿನಿಯಂ ದೋಣಿ, ಹಿಂದೆ 40 ಎಚ್‌ಪಿಯ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್. ಟ್ರೇಲರಿನ ಮೇಲೆ ದೋಣಿ ಕೂರಿಸಿ ಮೋಟಾರನ್ನು ನೆಟ್ಟಗೆ ಇಳಿಸಿದ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜ ಕಾಫಿ ಮಗ್ಗು ಹಿಡಿದುಕೊಂಡು ಬಂದರು. ಎಂಬತ್ತರ ಹತ್ತಿರದ ವಯಸ್ಸು, ನಾರ್ವೆಯಿಂದ ಬಂದವರ ಮೊಮ್ಮಗ. ಕರೆದಿರಲಿಲ್ಲ. ಇಂಥ ಕೆಲಸಕ್ಕೆ ಕರೆಯದೇ ಬರುವ ಒಬ್ಬರು ನಮ್ಮ ಕಡೆಯ ಗಂಗೊಳ್ಳಿಯ ಅಳಿವೆಯಲ್ಲೂ ಇರುತ್ತಾರೆ, ದೋಣಿ ಎಲ್ಲಿದ್ದರೂ ಈ ಜಾತಿಯ ಅಜ್ಜಂದಿರು ಇರುತ್ತಾರೆ ಎಂದು ಕಾಣುತ್ತದೆ.

ಔಟ್‌ಬೋರ್ಡ್ ಮೋಟಾರಿಗೆ ಕಾರಿನಂತೆ ರೇಡಿಯೇಟರ್ ಇಲ್ಲ. ತಾನು ನಿಂತ ನೀರನ್ನೇ ಕೆಳಗಿನ ಜಾಲರಿಯಿಂದ ಹೀರಿ, ರಬ್ಬರಿನ ರೆಕ್ಕೆಗಳ ಪುಟ್ಟ ಚಕ್ರದಿಂದ ಮೇಲಕ್ಕೆ ತಳ್ಳಿ, ಇಂಜಿನ್ನಿನ ಸುತ್ತ ಹರಿಸಿ, ಮತ್ತೆ ಕೆರೆಗೇ ಬಿಡುತ್ತದೆ. ಬೇಸಿಗೆಯಲ್ಲಿ ಇದರಷ್ಟು ಸುಲಭದ ಏರ್ಪಾಡು ಇನ್ನೊಂದಿಲ್ಲ. ಚಳಿಗಾಲದಲ್ಲಿ ಅದೇ ಕಂಟಕ. ನೀರು ಮಂಜಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದ ಮೂಲೆಯಲ್ಲಿ ಒಂದು ಲೋಟ ನೀರು ಉಳಿದರೂ ಅಲ್ಯೂಮಿನಿಯಂ ಬಿರುಕು ಬಿಡುತ್ತದೆ. ವಿಚಿತ್ರವೆಂದರೆ, ಕೆರೆಯ ಮೀನುಗಳನ್ನು ಉಳಿಸುವುದೂ ನೀರಿನ ಇದೇ ಗುಣ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲೆ ಬರುತ್ತದೆ, ಮಂಜೂ ಮೇಲೆಯೇ ತೇಲುತ್ತದೆ, ಅಡಿಯಲ್ಲಿ ಮೀನು ಬದುಕಿಕೊಳ್ಳುತ್ತದೆ. ನೀರು ಹೆಚ್ಚಿನ ದ್ರವಗಳಂತೆ ಹೆಪ್ಪುಗಟ್ಟುವಾಗ ಕುಗ್ಗಿದ್ದರೆ ಮೋಟಾರುಗಳು ಉಳಿಯುತ್ತಿದ್ದವು, ಮೀನುಗಳು ಹೋಗುತ್ತಿದ್ದವು.

ಮೊದಲ ಕೆಲಸ, ಮೋಟಾರನ್ನು ನೆಲದ ಮೇಲೆ ಓಡಿಸುವುದು. ಅದಕ್ಕೂ ಮೊದಲು ಪೆಟ್ರೋಲಿನ ಟ್ಯಾಂಕಿಗೆ ಸ್ಟೆಬಿಲೈಸರ್ ಹಾಕಿದ. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತರೆ ನೀರು, ಎಥೆನಾಲುಗಳೆರಡೂ ಸೇರಿ ಟ್ಯಾಂಕಿನ ತಳಕ್ಕಿಳಿಯುತ್ತವೆ, ಇಂಜಿನ್ನಿಗೆ ಪೆಟ್ರೋಲು ಎಳೆಯುವ ಕೊಳವೆ ಇರುವುದೂ ತಳದಲ್ಲೇ. ಮಿನೆಸೋಟಾದ ಬಂಕುಗಳಲ್ಲಿ ದೋಣಿ, ಸ್ನೋಮೊಬೈಲ್, ಹಳೇ ಕಾರುಗಳಿಗೆಂದೇ ಎಥೆನಾಲ್ ಇಲ್ಲದ ಪೆಟ್ರೋಲನ್ನು ಬೇರೆ ಪಂಪಿನಲ್ಲಿ ಮಾರುತ್ತಾರೆ, ತುಸು ದುಬಾರಿ. ಇಂಜಿನ್ನು ನಿಲ್ಲಿಸಿ ಇಡುವುದಕ್ಕೆಂದೇ ಬೇರೆ ಪೆಟ್ರೋಲು ಇರುವ ನಾಡನ್ನು ನಾನು ನೋಡಿದ್ದು ಅಲ್ಲೇ.

ಮೋಟಾರಿನ ಕೆಳಭಾಗದ ಜಾಲರಿಗೆ ಎರಡೂ ಕಡೆಯಿಂದ ರಬ್ಬರಿನ ಬಟ್ಟಲುಗಳನ್ನು ಒತ್ತಿ ಕೂರಿಸಿ, ಅದಕ್ಕೆ ತೋಟದ ಪೈಪು ಸಿಕ್ಕಿಸಿದ. ನಲ್ಲಿ ತಿರುಗಿಸಿದ ಮೇಲೆಯೇ ಸ್ಟಾರ್ಟ್ ಮಾಡಬೇಕು. ಒಣಗಿ ಓಡಿದರೆ ರಬ್ಬರ್ ಚಕ್ರ ನೋಡನೋಡುತ್ತ ಸುಟ್ಟುಹೋಗುತ್ತದೆ. ಸ್ಟಾರ್ಟ್ ಆದೊಡನೆ ಮೋಟಾರಿನ ಪಕ್ಕದ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮಿತು. ಅಳಿಯ ಆ ಎಳೆಗೆ ಬೆರಳೊಡ್ಡಿ ಬಿಸಿ ನೋಡಿ ತಲೆಯಾಡಿಸಿದ. ಹತ್ತು ನಿಮಿಷ ಓಡಿಸಿದರೆ ಮದ್ದು ಬೆರೆತ ಪೆಟ್ರೋಲು ಇಂಜಿನ್ನಿನ ಮೂಲೆಮೂಲೆಗೂ ತಲುಪುತ್ತದೆ.

ಇಲ್ಲಿ ಅಜ್ಜ ಬಾಯಿ ಹಾಕಿದರು. ಪೆಟ್ರೋಲಿನ ಪೈಪು ಕಿತ್ತು, ಇಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಪೆಟ್ರೋಲು ಖಾಲಿ ಮಾಡಬೇಕು, ನಮ್ಮಪ್ಪ ಮಾಡುತ್ತಿದ್ದದ್ದು ಹಾಗೇ ಎಂದರು. ಅಳಿಯ ಮ್ಯಾನ್ಯುಯಲ್ ತೆರೆದು ತೋರಿಸಿದ. ಇಬ್ಬರೂ ಸರಿಯೇ. ಅಜ್ಜನ ಮೋಟಾರು ಕಾರ್ಬ್ಯುರೇಟರಿನ ಟೂಸ್ಟ್ರೋಕ್, ಅದರ ಬಟ್ಟಲಿನಲ್ಲಿ ಉಳಿದ ಪೆಟ್ರೋಲು ಅಂಟಾಗಿ ಕೂರುತ್ತದೆ, ಒಣಗಿಸಿದರೇ ಕ್ಷೇಮ. ಅಳಿಯನದು ಫ್ಯೂಯಲ್ ಇಂಜೆಕ್ಷನ್, ಅದರ ಪಂಪುಗಳನ್ನು ಒಣಗಿಸಿ ಓಡಿಸಬಾರದು. ಮ್ಯಾನ್ಯುಯಲನ್ನು ಅಜ್ಜ ಕನ್ನಡಕ ಏರಿಸಿ ಪೂರ್ತಿ ಓದಿದರು, ಒಪ್ಪಿದ ಮುಖವೇನೂ ಕಾಣಲಿಲ್ಲ.

ನಾನು ಕಾದು ಕುಳಿತದ್ದು ಗೇರ್ ಆಯಿಲಿಗೆ. ಪ್ರೊಪೆಲ್ಲರಿನ ಮುಂದೆ ಉಬ್ಬಿಕೊಂಡಿರುವ ಭಾಗದೊಳಗೆ ಗೇರುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಹೊರಗೆಲ್ಲ ನೀರು, ನಡುವೆ ಕಾಯುವುದು ರಬ್ಬರಿನ ಒಂದೆರಡು ಸೀಲುಗಳು. ಅಡಿಯ ಸ್ಕ್ರೂ ಬಿಚ್ಚಿ, ಮೇಲಿನದನ್ನೂ ಸಡಿಲಿಸಿದಾಗ ಎಣ್ಣೆ ದಪ್ಪ ದಾರವಾಗಿ ತಟ್ಟೆಗೆ ಇಳಿಯತೊಡಗಿತು. ಮೂವರೂ ಬಗ್ಗಿದೆವು. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ. ಹಾಗೆಯೇ ಬಿಟ್ಟರೆ ಜನವರಿಯ ಒಂದು ರಾತ್ರಿ ಆ ನೀರು ಕವಚವನ್ನು ಸೀಳುತ್ತದೆ, ಗೊತ್ತಾಗುವುದು ಮೇ ತಿಂಗಳಲ್ಲಿ. ಬಂದದ್ದು ಕಡುಗಂದು, ಪಾರದರ್ಶಕ. ಅಜ್ಜ ಎರಡು ಬೆರಳಿನ ನಡುವೆ ಒಂದು ಹನಿ ಉಜ್ಜಿ, ಮೂಸಿ, ಪ್ಯಾಂಟಿಗೆ ಒರೆಸಿಕೊಂಡರು. ಸ್ಕ್ರೂವಿನ ತುದಿಯಲ್ಲಿ ಆಯಸ್ಕಾಂತವಿದೆ. ಅದಕ್ಕೆ ಬೂದುಬಣ್ಣದ ನುಣ್ಣನೆಯ ಮಸಿ ಹತ್ತಿತ್ತು. ಅದು ಗೇರಿನ ಸವೆತ, ಇದ್ದದ್ದೇ. ಚೂರುಗಳು ಕಂಡರೆ ಹೆದರಬೇಕು.

ತುಂಬುವ ಕ್ರಮವೇ ಚೆಂದ. ಹೊಸ ಎಣ್ಣೆಯನ್ನು ಮೇಲಿನಿಂದ ಹೊಯ್ಯುವುದಿಲ್ಲ, ಅಡಿಯ ತೂತಿಗೆ ಪಂಪು ಸಿಕ್ಕಿಸಿ ಕೆಳಗಿನಿಂದ ಏರಿಸುತ್ತಾರೆ. ಎಣ್ಣೆ ಏರಿದಂತೆ ಗಾಳಿ ಮೇಲಿನ ತೂತಿನಿಂದ ಹೊರಡುತ್ತದೆ. ಮೊದಲು ಗುಳ್ಳೆ, ಆಮೇಲೆ ಎಣ್ಣೆ. ಗುಳ್ಳೆ ನಿಂತ ಮೇಲೆ ಮೇಲಿನ ಸ್ಕ್ರೂವನ್ನು ಮೊದಲು ಬಿಗಿಯಬೇಕು. ಆಗ ಒಳಗಿನ ಎಣ್ಣೆಗೆ ಮೇಲಿಂದ ಗಾಳಿ ಸಿಗದು, ಅಡಿಯ ತೂತನ್ನು ಮುಚ್ಚುವಷ್ಟು ಹೊತ್ತು ಅದು ಸುರಿಯದೆ ನಿಲ್ಲುತ್ತದೆ. ವಾಷರುಗಳು ಹೊಸವೇ ಆಗಬೇಕು. ಎರಡು ಕಾಸಿನ ವಾಷರ್ ಉಳಿಸಲು ಹೋಗಿ ಗೇರ್‌ಬಾಕ್ಸ್ ಕಳೆದುಕೊಂಡವರ ಕಥೆಗಳು ಅಜ್ಜನ ಬಳಿ ಬೇಕಾದಷ್ಟಿದ್ದವು.

ಪ್ರೊಪೆಲ್ಲರ್ ಬಿಚ್ಚಿದಾಗ ಅದರ ಹಿಂದೆ ಶಾಫ್ಟಿಗೆ ಗಾಳದ ನೈಲಾನ್ ದಾರ ಸುತ್ತಿಕೊಂಡಿತ್ತು. ಯಾರೋ ಕೆರೆಗೆಸೆದ ಗೇಣುದ್ದದ ದಾರ ಸಾಕು, ತಿರುಗುತ್ತ ತಿರುಗುತ್ತ ಸೀಲನ್ನು ಕೊಯ್ದು ನೀರಿಗೆ ದಾರಿ ಮಾಡಿಕೊಡಲು. ಚಾಕುವಿನ ತುದಿಯಿಂದ ಒಂದೊಂದೇ ಸುತ್ತು ಬಿಡಿಸಿದೆವು. ಶಾಫ್ಟಿಗೆ ಗ್ರೀಸ್ ಸವರಿ ಮತ್ತೆ ಕೂರಿಸಿದ. “ಮಾವ, ಕೈಗವಸು ಹಾಕಿಕೊಳ್ಳಿ, ಈ ಚಳಿಗೆ ಅಲ್ಯೂಮಿನಿಯಂ ಕಚ್ತದೆ” ಎಂದು ಅವನು ಹೇಳುವ ಹೊತ್ತಿಗೆ ಬೆರಳುಗಳು ಮರಗಟ್ಟಿದ್ದವು.

ಉಳಿದದ್ದು ಬೇಗ ಮುಗಿಯಿತು. ಸ್ಪಾರ್ಕ್ ಪ್ಲಗ್ ಕಿತ್ತು, ಆ ತೂತುಗಳಲ್ಲಿ ಫಾಗಿಂಗ್ ಆಯಿಲ್ ಸಿಂಪಡಿಸಿ, ಫ್ಲೈವೀಲನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಿ, ಸಿಲಿಂಡರಿನ ಗೋಡೆಗೆ ಎಣ್ಣೆಯ ಪದರ ಹಿಡಿಸಿದ. ಬ್ಯಾಟರಿ ಬಿಚ್ಚಿ ಕಾರಿಗೆ ಹಾಕಿದ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಮೈನಸ್ 50ಕ್ಕೂ ಹೆಪ್ಪುಗಟ್ಟುವುದಿಲ್ಲ, ಖಾಲಿಯದು ಮೈನಸ್ 10ಕ್ಕೆ ಮುಂಚೆಯೇ ಒಡೆಯುತ್ತದೆ. ಇದು ಪುಸ್ತಕದ ಲೆಕ್ಕವಲ್ಲ. ಇದೇ ರಾಜ್ಯದ ಉತ್ತರದಲ್ಲಿ ಟವರ್ ಎಂಬ ಊರಿನ ಬಳಿ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಮೋಟಾರನ್ನು ಮಾತ್ರ ನೆಟ್ಟಗೇ ಬಿಡಬೇಕು. ಎತ್ತಿ ಓರೆಯಾಗಿಟ್ಟರೆ ಪ್ರೊಪೆಲ್ಲರಿನ ನಡುವಿನ ಪೊಳ್ಳಿನಲ್ಲಿ ಮಳೆ, ಹಿಮ ಕೂಡಿ ನಿಲ್ಲುತ್ತದೆ.

ಊಟದ ಹೊತ್ತಿಗೆ ಅಜ್ಜ ತಮ್ಮ ಶೆಡ್ಡಿಗೆ ಕರೆದೊಯ್ದರು. ಮರದ ಸ್ಟ್ಯಾಂಡಿನ ಮೇಲೆ 9.9 ಎಚ್‌ಪಿಯ ಹಳೆಯ ಎವಿನ್‌ರೂಡ್ ನಿಂತಿತ್ತು. ಹತ್ತಕ್ಕೆ ಒಂದಂಶ ಕಡಿಮೆ, ಏಕೆಂದರೆ ಅನೇಕ ಕೆರೆಗಳಲ್ಲಿ ಹತ್ತು ಎಚ್‌ಪಿ ಮತ್ತು ಮೇಲಿನವನ್ನು ಬಿಡುವುದಿಲ್ಲ. ಮುಚ್ಚಳ ಎತ್ತಿದರು. ಒಳಮೈಯಲ್ಲಿ ಪೆನ್ಸಿಲಿನ ಸಾಲುಗಳು: ಒಂದೊಂದು ಶರತ್ಕಾಲಕ್ಕೆ ಒಂದೊಂದು ತಾರೀಕು, ಎಣ್ಣೆ ಬದಲಿಸಿದ್ದಕ್ಕೆ ಗುರುತು, ರಬ್ಬರ್ ಚಕ್ರ ಬದಲಿಸಿದ ವರ್ಷಕ್ಕೆ ವೃತ್ತ, ಒಂದು ಕಡೆ ‘ಇಲಿ’ ಎಂದು. ಆ ವರ್ಷ ವೈರುಗಳ ನಡುವೆ ಇಲಿ ಗೂಡು ಕಟ್ಟಿತ್ತಂತೆ. ಮೊದಲ ಸಾಲುಗಳ ಕೈಬರಹ ಬೇರೆ, ಅದು ಅವರಪ್ಪನದು.

ಆ ಮೋಟಾರಿಗೆ ಹೆಸರು ಕೊಟ್ಟ ಓಲೆ ಎವಿನ್‌ರೂಡ್ 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಪಕ್ಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಬಂದವನು. ಮಿಲ್ವಾಕಿ ಬಳಿಯ ಒಕಾಚಿ ಕೆರೆಯಲ್ಲಿ ಪ್ರೇಯಸಿ ಬೆಸ್ ಐಸ್‌ಕ್ರೀಮ್ ಬೇಕೆಂದಳು, ಹುಟ್ಟು ಹಾಕಿಕೊಂಡು ಹೋಗಿ ತರುವಷ್ಟರಲ್ಲಿ ಅದು ಕರಗಿತ್ತು, ಆ ಬೇಸರದಲ್ಲೇ ದೋಣಿಗೆ ಸಿಕ್ಕಿಸುವ ಮೋಟಾರು ಹೊಳೆಯಿತು ಎಂಬುದು ಅಲ್ಲಿ ಎಲ್ಲರೂ ಹೇಳುವ ಕಥೆ. ಕಥೆ ಎಷ್ಟು ನಿಜವೋ, ಬೆಸ್ ಅವನನ್ನು ಮದುವೆಯಾಗಿ ಕಂಪನಿಯ ವ್ಯವಹಾರವನ್ನೂ ಜಾಹೀರಾತನ್ನೂ ನೋಡಿಕೊಂಡದ್ದಂತೂ ನಿಜ. ಔಟ್‌ಬೋರ್ಡನ್ನು ಅವನಿಗಿಂತ ಮೊದಲೇ ಮಾಡಿದವರಿದ್ದರು. 1909ರಲ್ಲಿ ಮಾರಾಟಕ್ಕೆ ಬಂದ ಅವನ ಒಂದೂವರೆ ಎಚ್‌ಪಿಯ, 28 ಕಿಲೋ ತೂಕದ ಮೋಟಾರು ಮಾತ್ರ ಜನರ ಕೈಗೆ ಹತ್ತಿತು. ಆ ಹೆಸರಿನ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತಿದೆ. ಅಜ್ಜ ಅದರ ಬಗ್ಗೆ ಏನೂ ಹೇಳಲಿಲ್ಲ, ಬಿಡಿಭಾಗಗಳ ಡಬ್ಬಿಯೊಂದನ್ನು ತೋರಿಸಿದರು. ತಮ್ಮ ಕಾಲಕ್ಕೆ ಸಾಕಾಗುವಷ್ಟು ಕೂಡಿಟ್ಟಿದ್ದರು.

ನಾನು ಇಡೀ ಬೆಳಗ್ಗೆ ಯೋಚಿಸಿದ್ದು ಇನ್ನೊಂದನ್ನು. ಇಷ್ಟೂ ಮದ್ದು ಮೋಟಾರು ಓಡಿದ್ದಕ್ಕಲ್ಲ, ನಿಲ್ಲುವುದಕ್ಕೆ. ಓಡುತ್ತಿದ್ದರೆ ಪೆಟ್ರೋಲು ಕೆಡುವಷ್ಟು ಹೊತ್ತು ಉಳಿಯುವುದೇ ಇಲ್ಲ, ಸಿಲಿಂಡರಿಗೆ ತುಕ್ಕು ಹಿಡಿಯಲು ಪುರುಸೊತ್ತಿಲ್ಲ, ರಬ್ಬರಿನ ರೆಕ್ಕೆ ಒಂದೇ ಕಡೆ ಬಾಗಿ ಸೆಟೆಯುವುದಿಲ್ಲ, ಇಲಿ ಬರುವುದಿಲ್ಲ. ಗಂಗೊಳ್ಳಿ, ಮರವಂತೆಗಳ ನಾಡದೋಣಿಯ ಇಂಜಿನ್ನುಗಳನ್ನು ಕಂಡು ಬೆಳೆದವನಿಗೆ ಇದು ತಲೆಕೆಳಗಾದ ಪಂಚಾಂಗ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹತ್ತು ಎಚ್‌ಪಿವರೆಗಿನ ಔಟ್‌ಬೋರ್ಡ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ಆ ತಡೆ ಇಲ್ಲ. ದೊಡ್ಡ ಬೋಟುಗಳು ದಕ್ಕೆಯಲ್ಲಿ ಮಲಗಿರುವಾಗ, ಕಡಲು ತುಸು ತಣಿದ ದಿನ ನೋಡಿ, ಅಳಿವೆಯ ಅಲೆ ದಾಟಿ ಚಟ್ಲಿಗೆ, ಅಂದರೆ ಸೀಗಡಿಗೆ, ಹೋಗುವುದು ಈ ಸಣ್ಣ ಇಂಜಿನ್ನುಗಳೇ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುತ್ತಾರೆ. ಸಬ್ಸಿಡಿಯ ಸೀಮೆಎಣ್ಣೆ ಬಂತೋ ಇಲ್ಲವೋ ಎಂಬುದು ಆ ತಿಂಗಳುಗಳ ದೊಡ್ಡ ಸುದ್ದಿ. ಅಲ್ಲಿ ವೈರಿ ಉಪ್ಪು. ಬಂದೊಡನೆ ಸಿಹಿನೀರಿನ ಡ್ರಮ್ಮಿಗೆ ಇಳಿಸಿ ಓಡಿಸಿದರೆ ಆರೈಕೆ ಮುಗಿಯಿತು. ದೋಣಿ ಮಗುಚಿ ಇಂಜಿನ್ನು ಕಡಲಲ್ಲಿ ಮುಳುಗಿದರೆ ಮಾತ್ರ ಆ ದಿನವೇ ಬಿಚ್ಚಿ, ತೊಳೆದು, ಎಣ್ಣೆ ಕಾಣಿಸಬೇಕು.

ರಾತ್ರಿ ಗಂಗೊಳ್ಳಿಯ ಗೆಳೆಯನಿಗೆ ಫೋನ್ ಮಾಡಿದೆ. ನಾಡದೋಣಿಯಲ್ಲಿ ಪಾಲುದಾರ ಅವನು. ಅಲ್ಲಿ ಆಗ ಬೆಳಗ್ಗೆ, ಮೀನು ಇಳಿಸಿ ಚಾ ಕುಡಿಯುತ್ತಿದ್ದ. ದಿನವಿಡೀ ಮಾಡಿದ್ದನ್ನೆಲ್ಲ ವರದಿ ಒಪ್ಪಿಸಿದೆ. ಎಲ್ಲ ಕೇಳಿ, “ಅಲ್ಲ ಮಾರಾಯ, ಐದಾರ್ ತಿಂಗ್ಳ್ ಇಂಜಿನ್ ಮಲ್ಗ್ಸಿ ಇಟ್ರೆ ಸಾಲ ಕಟ್ಟುದ್ ಯಾರ್?” ಎಂದ. ಇಲ್ಲಿ ಅದು ಸಂಬಳದ ದುಡ್ಡು, ಮೀನಿನದಲ್ಲ ಎಂದೆ. ಹಿಡಿದ ಮೀನನ್ನು ಎಷ್ಟೋ ಸಲ ವಾಪಸು ನೀರಿಗೇ ಬಿಡುತ್ತಾರೆ ಎಂದಾಗ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ, ಲೈನು ಕಟ್ಟಾಯಿತೋ ಎಂದುಕೊಂಡೆ. ಆಮೇಲೆ ಫಾಗಿಂಗ್ ಆಯಿಲಿನ ಬಗ್ಗೆ ಕೇಳಿದ, ಮುಳುಗಿ ಎದ್ದ ಇಂಜಿನ್ನಿಗೆ ಆದೀತೇ ಎಂದು. ಅದು ಬೆಂಕಿ ಹತ್ತುವ ಸ್ಪ್ರೇ ಡಬ್ಬಿ, ವಿಮಾನದಲ್ಲಿ ಬಿಡುವುದಿಲ್ಲ ಎಂದು ಅಳಿಯ ಪಕ್ಕದಿಂದ ಹೇಳಿದ. “ಹಾಂಗಾರೆ ಅದ್ ಬ್ಯಾಡ. ಆ ಅಡಿಂದ ಎಣ್ಣೆ ಹತ್ಸು ಪಂಪ್ ಒಂದ್ ತಕಂಡ್ ಬಾ” ಎಂದ ಗೆಳೆಯ. ಅವರು ಇಷ್ಟು ವರ್ಷವೂ ಇಂಜಿನ್ನನ್ನು ಅಡ್ಡ ಮಲಗಿಸಿ ಮೇಲಿನಿಂದಲೇ ಹೊಯ್ಯುತ್ತಿದ್ದರಂತೆ, ಗಾಳಿ ಉಳಿದು ಪ್ರತಿ ಸಲವೂ ಎಣ್ಣೆ ಕಡಿಮೆ ಬೀಳುತ್ತಿತ್ತಂತೆ. ಬಾಟಲಿಯ ಬಾಯಿ ಎಷ್ಟು ಅಗಲ, ಅಡಿಯ ಸ್ಕ್ರೂವಿನ ಮರೆ ಯಾವ ಅಳತೆಯದು ಎಂದು ಕೇಳಿ, ತನ್ನ ಇಂಜಿನ್ನಿನ ಸ್ಕ್ರೂ ಬಿಚ್ಚಿ ಫೋಟೋ ಕಳಿಸುತ್ತೇನೆ, ಅದನ್ನು ಅಂಗಡಿಯಲ್ಲಿ ತೋರಿಸಿಯೇ ತಗೊ ಎಂದು ಫೋನಿಟ್ಟ.